ಮೀಡಿಯಾ ಕೋರ್ಸಿಗೆ ಪೋರ್ಟ್‌ಫೋಲಿಯೊ: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ಅಡ್ಮಿನ್: ವಿಶ್ವವಿದ್ಯಾಲಯದ ಮೀಡಿಯಾ ಕೋರ್ಸಿಗೆ ಅರ್ಜಿ ಹಾಕುವ ನಮ್ಮ ಕೊಡಗಿನ ಮಕ್ಕಳು ಡಿಜಿಟಲ್ ಪೋರ್ಟ್‌ಫೋಲಿಯೊ, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹದ ಬಗ್ಗೆ ಈ ಗ್ರೂಪಿನಲ್ಲಿ ಕೇಳಿ. ಮೇಡಂ ವಿಡಿಯೊ ಎಡಿಟರ್, ಪ್ರವೇಶ ಸಂದರ್ಶನದಲ್ಲಿ ಪ್ರಶ್ನೆ ಕೇಳುವ ಕಡೆ ಕೂತವರು. ಕೇಳಿದ್ದನ್ನೇ ಮತ್ತೆ ಕೇಳಬೇಡಿ.

ಕುಶಾಲನಗರ: ಮೇಡಂ, ಎಷ್ಟು ಕೆಲಸ ಹಾಕಬೇಕು?

ಮೇಡಂ: ಕಾಲೇಜು ಎಷ್ಟು ಅಂದಿದೆಯೋ ಅಷ್ಟು. ಏನೂ ಹೇಳಿಲ್ಲ ಅಂದರೆ ಐದಾರು ಸಾಕು. ಒಳ್ಳೆಯದು ಮೊದಲು ಬರಲಿ. ಪ್ರತಿಯೊಂದರ ಕೆಳಗೆ ಎರಡು ಸಾಲು ಬರೆಯಿರಿ: ಯಾವಾಗ ಮಾಡಿದ್ದು, ಅದರಲ್ಲಿ ನಿಮ್ಮ ಪಾಲು ಏನು. ಕ್ಯಾಮೆರಾ ಹಿಡಿದವನು ಗೆಳೆಯ, ಎಡಿಟಿಂಗ್ ನಿಮ್ಮದು ಅಂದರೆ ಹಾಗೇ ಬರೆಯಿರಿ.

ಗೋಣಿಕೊಪ್ಪ: ಅಬ್ಬಿ ಫಾಲ್ಸ್, ರಾಜಾಸೀಟ್, ಮಾಂದಲಪಟ್ಟಿ ರೀಲ್ಸ್ ಇವೆ. ಸಿನಿಮಾ ಹಾಡು ಹಾಕಿದ್ದೇನೆ. ನಡೆಯುತ್ತಾ?

ಮೇಡಂ: ಒಂದು ಇಡಿ, ಉಳಿದದ್ದು ತೆಗೆಯಿರಿ. ಹಾಡನ್ನೂ ತೆಗೆಯಿರಿ. ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೈಮ್ ಬಿದ್ದರೆ ನೋಡುವವರಿಗೆ ವಿಡಿಯೊನೇ ತೆರೆಯದೆ ಇರಬಹುದು.

ಸೋಮವಾರಪೇಟೆ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. “ರೆಡಿಮೇಡ್ ಪೋರ್ಟ್‌ಫೋಲಿಯೊ, ಹೆಸರು ಫೋಟೊ ಬದಲಿಸಿದರೆ ಸಾಕು, ಸೀಟು ಗ್ಯಾರಂಟಿ.”

ಮೇಡಂ: ಸೀಟು ಗ್ಯಾರಂಟಿ ಅನ್ನುವವರನ್ನು ನಂಬಬೇಡಿ, ದುಡ್ಡಂತೂ ಕೊಡಲೇಬೇಡಿ. ಸಂದರ್ಶನದಲ್ಲಿ “ಈ ಶಾಟನ್ನು ಇಲ್ಲೇ ಯಾಕೆ ಕಟ್ ಮಾಡಿದಿರಿ” ಅಂತ ಕೇಳಿದರೆ ಆ ಫಾರ್ವರ್ಡ್ ಬಂದು ಉತ್ತರ ಹೇಳುತ್ತದಾ?

ಮಕ್ಕಂದೂರು: ಮೇಡಂ, 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡ ಪಕ್ಕದ ಅಜ್ಜಿಯನ್ನು ಅದೇ ಜಾಗಕ್ಕೆ ಕರೆದುಕೊಂಡು ಹೋಗಿ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದೇನೆ. ತುಂಬಾ ಉದ್ದ ಇದೆ. ಮಾತು ಕೊಡವ ತಕ್ಕ್‌ನಲ್ಲಿ. ಕೊಡೆ ಮೇಲೆ ಮಳೆ ಬೀಳುವ ಸದ್ದು ಜಾಸ್ತಿ. ಮೊದಲು ಖಾಲಿ ನೆಲದಲ್ಲಿ ನಿಂತು “ಇಲ್ಲಿ ಒಲೆ, ಇಲ್ಲಿ ಬಾಗಿಲು” ಅಂತ ಕೈಯಲ್ಲಿ ತೋರಿಸುತ್ತಾರೆ. ಆಮೇಲೆ ಅಳುತ್ತಾರೆ. ಅಳುವುದನ್ನು ಮೊದಲು ಹಾಕಿ, ಟಿವಿ ನ್ಯೂಸ್ ಕ್ಲಿಪ್ ಸೇರಿಸಿ, ದುಃಖದ ಮ್ಯೂಸಿಕ್ ಕೊಡಲಾ?

ಮೇಡಂ: ಮೂರೂ ಬೇಡಮ್ಮ. ನಿನ್ನ ಹತ್ತಿರ ಇರುವುದು ಆ ಕೈ. ಅಲ್ಲಿಂದಲೇ ಶುರು ಮಾಡು. ಒಲೆ ಎಲ್ಲಿತ್ತು ಅಂತ ಬೆರಳು ತೋರಿಸುತ್ತದೆ, ನಮಗೆ ಕಾಣುವುದು ಬರೀ ಹುಲ್ಲು. ಅದಕ್ಕೆ ಯಾವ ಮ್ಯೂಸಿಕ್ಕೂ ಬೇಕಿಲ್ಲ. ಟಿವಿ ಕ್ಲಿಪ್ ನಿನ್ನದಲ್ಲ, ಬೇರೆಯವರು ಶೂಟ್ ಮಾಡಿದ್ದು ನಿನ್ನ ಪೋರ್ಟ್‌ಫೋಲಿಯೊದಲ್ಲಿ ಯಾಕೆ?

ನನಗೆ ಚಿಂತೆ ಇರುವುದು ಅಳುವ ಭಾಗದ್ದು. ಅಜ್ಜಿ ಮಾತಾಡಿದ್ದು ಪಕ್ಕದ ಮನೆ ಹುಡುಗಿಯ ಹತ್ತಿರ, ಗುರುತಿಲ್ಲದ ಮೇಷ್ಟ್ರುಗಳ ಹತ್ತಿರ ಅಲ್ಲ. ಇನ್ನೊಂದು ಸಲ ಹೋಗು. ಎಡಿಟ್ ಮಾಡಿದ್ದನ್ನು ತೋರಿಸು. ಯಾರು ನೋಡುತ್ತಾರೆ, ಎಲ್ಲಿ ಇರುತ್ತದೆ ಅಂತ ಅವರ ಭಾಷೆಯಲ್ಲೇ ಹೇಳು. ಒಪ್ಪಿದರೆ ಆ ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿಕೋ. ಬೇಡ ಅಂದರೆ ತೆಗೆ, ವಾದ ಮಾಡಬೇಡ.

ಮಳೆ ಸದ್ದು ಪೂರ್ತಿ ತೆಗೆಯಲು ಹೋದರೆ ಅಜ್ಜಿ ದನಿಯೂ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಸ್ವಲ್ಪ ತಗ್ಗಿಸು, ಸಾಕು. ಅಲ್ಲೇ ನಿಂತು ಯಾರೂ ಮಾತಾಡದೆ ಬರೀ ಮಳೆಯನ್ನು ಒಂದು ನಿಮಿಷ ರೆಕಾರ್ಡ್ ಮಾಡು. ಮಾತು ಕಟ್ ಮಾಡಿದ ಕಡೆ ಅದನ್ನು ಕೆಳಗೆ ಹಾಸಿದರೆ ಸದ್ದು ಎಗರುವುದಿಲ್ಲ. ಒಟ್ಟು ಮೂರು ನಿಮಿಷ ಮೀರಬೇಡ. ಸಬ್‌ಟೈಟಲ್ ವಿಡಿಯೊದೊಳಗೇ ಸೇರಿಸು. ನೀನು ಪ್ರಶ್ನೆ ಬರೆದುಕೊಂಡ ನೋಟ್‌ಬುಕ್ ಇದ್ದರೆ ಆ ಪುಟದ ಫೋಟೊ ಹಾಕು, ಗೀಚಿದ್ದು ಹಾಗೇ ಇರಲಿ.

ವಿರಾಜಪೇಟೆ: ಅಜ್ಜಿ ಹತ್ತಿರ ಕನ್ನಡದಲ್ಲೇ ಮಾತಾಡಿಸಿದ್ದರೆ ಈ ಸಬ್‌ಟೈಟಲ್ ತಾಪತ್ರಯ ಇರುತ್ತಿರಲಿಲ್ಲ ಅಲ್ವಾ?

ಪೊನ್ನಂಪೇಟೆ: ಅಜ್ಜಿ ಅವರ ಮನೆ ಬಗ್ಗೆ ಮಾತಾಡಲು ನಿಮ್ಮ ಅನುಕೂಲ ನೋಡಬೇಕಾ?

ವಿರಾಜಪೇಟೆ: ನಾನೂ ಕೊಡಗಿನವನೇ ಸ್ವಾಮಿ. ಸುಮ್ನೆ ಒಂದು ಮಾತು ಹೇಳಿದೆ.

ಸಂಪಾಜೆ: ಭಾಷೆ ಅಂದ ತಕ್ಷಣ ಇಬ್ಬರದೇ ಜಗಳ. ಅರೆಭಾಷೆಯವರೂ ಇದ್ದೇವೆ ಇಲ್ಲಿ.

ಪೊನ್ನಂಪೇಟೆ: ಇಲ್ಲ ಅಂದವರು ಯಾರು? ಮಡಿಕೇರಿಯಲ್ಲಿ ಕೊಡವ, ಅರೆಭಾಷೆ ಎರಡಕ್ಕೂ ಅಕಾಡೆಮಿ ಇದೆ, ಅಲ್ಲಿ ಹೋಗಿ ಕೇಳಿ.

ಕೊಡ್ಲಿಪೇಟೆ: ಹಾಸ್ಟೆಲ್ ಫೀಸು ಎಷ್ಟಾಗಬಹುದು? ಓದಿದ ಮೇಲೆ ಕೆಲಸ ಸಿಗುತ್ತಾ?

ಸಂಪಾಜೆ: ಕೇಳಿ ಅಂತ ನಮಗೆ ಹೇಳಲು ನೀವು ಯಾರು?

ಅಡ್ಮಿನ್: ಭಾಷೆ ವಿಷಯ ನಿಲ್ಲಿಸಿ.

ಶನಿವಾರಸಂತೆ: ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ನನ್ನ ವರದಿಗಳನ್ನು ವೆಬ್‌ಸೈಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಬರುತ್ತಿದೆ.

ಮೇಡಂ: ನೀವು ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಾಗಿ ಕಾಣುವುದಿಲ್ಲ. ಯೂನಿಕೋಡ್‌ಗೆ ಕನ್ವರ್ಟ್ ಮಾಡಿ. ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದೊಂದೂ ನೋಡಿ, ಅಲ್ಲೇ ಎಡವಟ್ಟಾಗುವುದು. ಪಿಡಿಎಫ್ ಮಾಡಿದ್ದನ್ನು ಬೇರೆ ಮೊಬೈಲಲ್ಲಿ ತೆರೆದು ನೋಡಿ.

ನಾಪೋಕ್ಲು: ಎಷ್ಟು ಕೆಲಸ ಹಾಕಬೇಕು ಮೇಡಂ?

ಮೇಡಂ: ಮೊದಲನೇ ಉತ್ತರ ನೋಡಿ.

ಭಾಗಮಂಡಲ: ಮಳೆಗೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಕೊನೇ ದಿನ ಅಪ್‌ಲೋಡ್ ಆಗದಿದ್ದರೆ?

ಮೇಡಂ: ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಂದು ವಾರ ಮೊದಲೇ ಮಡಿಕೇರಿಗೆ ಬಂದು ಮುಗಿಸಿ. ಫೋಟೊ, ವಿಡಿಯೊ ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಕ್ವಾಲಿಟಿ ಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಡ್ರೈವ್ ಲಿಂಕ್ ಇದ್ದರೆ “ಲಿಂಕ್ ಇರುವ ಯಾರಾದರೂ” ಅಂತ ಬದಲಿಸಿ. ಯೂಟ್ಯೂಬ್ ಆದರೆ ಅನ್‌ಲಿಸ್ಟೆಡ್, ಅಂದರೆ ಲಿಂಕ್ ಇದ್ದವರು ಮಾತ್ರ ನೋಡುವ ಹಾಗೆ ಇಡಿ. ಪ್ರೈವೇಟ್ ಇಟ್ಟರೆ ನೀವು ಸೇರಿಸಿದವರನ್ನು ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ.

ಚೆಟ್ಟಳ್ಳಿ: ಚಾಟ್‌ಜಿಪಿಟಿಯಲ್ಲಿ ಪರಿಚಯ ಬರೆಸಬಹುದಾ?

ಮೇಡಂ: ಕಾಲೇಜಿನ ನಿಯಮ ಓದಿ. ಬಳಸಿದ್ದರೆ ಮುಚ್ಚಿಡಬೇಡಿ.

ಸೋಮವಾರಪೇಟೆ: ಇನ್ನೊಂದು ಫಾರ್ವರ್ಡ್. “ಇಪ್ಪತ್ತು ಸರ್ಟಿಫಿಕೇಟ್ ಹಾಕಿದರೆ ಹೆಚ್ಚು ಅಂಕ.”

ಮೇಡಂ: ಬೆಳಗ್ಗೆಯಿಂದ ಒಬ್ಬರೇ ಹಾಕುತ್ತಿದ್ದೀರಿ. ಯಾರು ಬರೆದಿದ್ದು, ಯಾವ ಕಾಲೇಜಿಗೆ ಅಂತ ಅದರಲ್ಲಿ ಇದೆಯಾ?

ಸೋಮವಾರಪೇಟೆ: ಮಕ್ಕಳಿಗೆ ಒಳ್ಳೇದಾಗಲಿ ಅಂತ ಹಾಕಿದ್ದು. ಓದಿದವರಿಗೆ ಇಷ್ಟೊಂದು ಸಿಟ್ಟು ಇರಬಾರದು.

ಕೊಡ್ಲಿಪೇಟೆ: ಹಾಸ್ಟೆಲ್ ಫೀಸು ಯಾರಾದರೂ ಹೇಳಿ.

ಮಕ್ಕಂದೂರು: ಮೇಡಂ, ಸಂಜೆ ಅಜ್ಜಿಗೆ ತೋರಿಸಿದೆ. ಅತ್ತಿದ್ದು ಬೇಡ, ಮನೆ ತೋರಿಸಿದ್ದು ಇಟ್ಟುಕೋ ಅಂದರು. ಹೊಸ ಕಟ್ ಮಾಡಿದ್ದೇನೆ, ಕಳಿಸಲಾ?

ಮೇಡಂ: ನನಗೊಬ್ಬಳಿಗೇ ಕಳಿಸು.

ಸೋಮವಾರಪೇಟೆ: ಗ್ರೂಪಿಗೇ ಹಾಕಮ್ಮ, ನಾವೂ ನೋಡೋಣ. ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡುತ್ತೇನೆ.

ಮೇಡಂ: ಬೇಡ.