ಪದಚರ್ಚೆ: ‘ಸಂತಾನಹರಣ’ಕ್ಕೆ ಬೇರೆ ಮಾತು ಬೇಕು

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಅಕ್ಕನ ಮಗಳ ಬಾಣಂತನಕ್ಕೆ ಜೊತೆಗಿದ್ದೆ. ಎರಡನೆಯ ಹೆರಿಗೆ. ಮಕ್ಕಳು ಸಾಕು, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಅವಳೇ ಹೇಳಿದ್ದಳು. ಒಪ್ಪಿಗೆ ಪತ್ರವನ್ನು ಬೆರಳಿಟ್ಟು ಓದುತ್ತಾ ಹೋದವಳು ‘ಸಂತಾನಹರಣ ಶಸ್ತ್ರಚಿಕಿತ್ಸೆ’ ಎಂಬಲ್ಲಿ ನಿಂತಳು. “ಚಿಕ್ಕಮ್ಮ, ಇರುವ ಮಕ್ಕಳಿಗೆ ಏನೂ ಆಗುವುದಿಲ್ಲ ತಾನೇ?” ಎಂದು ಕೇಳಿದಳು.

ಅವಳು ಓದಿದ್ದರಲ್ಲಿ ತಪ್ಪಿಲ್ಲ. ಸಂತಾನವೆಂದರೆ ಮಕ್ಕಳೇ. ಹರಣ ಎಂದೊಡನೆ ನಮಗೆ ನೆನಪಾಗುವುದು ಪ್ರಾಣಹರಣ, ಮಾನಹರಣ, ಅಪಹರಣ. (ಪ್ರಾಣದ ತದ್ಭವವಾಗಿ ‘ಹರಣ’ಕ್ಕೆ ಜೀವ ಎಂಬ ಅರ್ಥವೂ ಹಳೆಯ ಕನ್ನಡದಲ್ಲಿದೆ, ಅದು ಬೇರೆ ಪದ.) ‘ದುಃಖಹರ’, ‘ವಿಘ್ನಹರ’ಗಳಲ್ಲಿರುವಂತೆ ನೀಗಿಸುವುದು ಎಂಬ ಅರ್ಥ ಹಿಡಿದರೂ ಸಮಾಧಾನವಿಲ್ಲ, ದುಃಖ ವಿಘ್ನಗಳ ಜಾಗಕ್ಕೆ ಸಂತಾನ ಬಂದು ಕೂರುತ್ತದೆ!

‘ಸಂತಾನಶಕ್ತಿ ಹರಣ’ ಎಂದು ಬಿಡಿಸಿ ಬರೆಯುವುದೂ ಇದೆ. ಗಂಡಸರ ಮಟ್ಟಿಗೆ ಅದು ಇನ್ನೂ ಕೆಟ್ಟದ್ದು, ಅವರ ಕಿವಿಗೆ ಬೀಳುವುದು ‘ಶಕ್ತಿಹರಣ’ವಷ್ಟೇ. ಆಪರೇಷನ್ ಆದರೆ ಬಲ ಹೋಗುತ್ತದೆ, ಭಾರ ಎತ್ತಲಾಗದು ಎಂಬ ಭಯ ಮೊದಲೇ ಇದೆ. ನಿಜಕ್ಕೂ ಅಲ್ಲಿ ವೀರ್ಯಾಣು ಸಾಗುವ ನಾಳವನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೆ. ಹೆಂಗಸರಲ್ಲಿ ಅಂಡನಾಳವನ್ನು ಮುಚ್ಚುತ್ತಾರೆ. ಮುಟ್ಟು ಎಂದಿನಂತೆ ಬರುತ್ತದೆ. ಹರಣವಾಗುವಂಥದ್ದು ಎಲ್ಲಿಯೂ ಇಲ್ಲ.

ನನಗೆ ಎಲ್ಲಕ್ಕಿಂತ ನೋವಾಗುವುದು ಪತ್ರಿಕೆ ತೆರೆದಾಗ. ‘ಬೀದಿ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ’ ಎಂಬ ಶೀರ್ಷಿಕೆ. ತಾಯಿಗೂ ಅದೇ ಪದ, ನಾಯಿಗೂ ಅದೇ ಪದ.

ಹಿಂದಿಯ ‘ನಸ್‌ಬಂದಿ’ (ನಾಳ ಕಟ್ಟುವುದು) ಮಾಡುವ ಕೆಲಸವನ್ನಷ್ಟೇ ಹೇಳುತ್ತದೆ. 1975–77ರ ತುರ್ತುಪರಿಸ್ಥಿತಿಯಲ್ಲಿ ಬಲವಂತವಾಗಿ ಈ ಆಪರೇಷನ್ ಮಾಡಿಸಿದ ನೆನಪು ಅದಕ್ಕೆ ಅಂಟಿಕೊಂಡದ್ದು ಬೇರೆ ಮಾತು. ಆ ಕಹಿಯ ನಂತರ ಸರ್ಕಾರವೇ ‘ಕುಟುಂಬ ಯೋಜನೆ’ಯನ್ನು ‘ಕುಟುಂಬ ಕಲ್ಯಾಣ’ವೆಂದು ಬದಲಿಸಿತು. ಹಾಗಿರುವಾಗ ಈ ಪದವನ್ನೇಕೆ ಬದಲಿಸಬಾರದು? ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ ‘ವಂಕಿ’ ಎನ್ನುತ್ತೇವಲ್ಲ, ಎಷ್ಟು ಚೆಂದ! ಬಾಗಿದ್ದು ಎಂಬ ಅರ್ಥವೂ ಉಂಟು, ತೋಳಿನ ಒಡವೆಯ ಹೆಸರೂ ಹೌದು. ಯಾರೂ ಬೆಚ್ಚುವುದಿಲ್ಲ.

‘ನಾಳಬಂಧ’ ಎಂದರೆ ಹೇಗೆ? ‘ನಾಳ ಕಟ್ಟುವ ಆಪರೇಷನ್’ ಎಂದರೆ ಇನ್ನೂ ತಿಳಿಯಾದೀತೇ? ನಿಮ್ಮ ಕಡೆಯ ಆಶಾ ಕಾರ್ಯಕರ್ತೆಯರು, ಸೂಲಗಿತ್ತಿಯರು, ಹಿರಿಯ ಹೆಂಗಸರು ಇದಕ್ಕೆ ಏನೆನ್ನುತ್ತಾರೆ, ಅವರ ಮಾತಿನಲ್ಲಿಯೇ ಬರೆದು ತಿಳಿಸಿ.