ಕೂಳೆ ಕಬ್ಬು ಒಣಗುತ್ತಿದೆ, ಬುಡದಲ್ಲಿ ಬಿಳಿ ಹುಳು: ಅನುಭವ ಇದ್ದವರು ಹೇಳಿ

ಹೊಳೆನರಸೀಪುರ ಕಡೆಯಿಂದ ಕೇಳುತ್ತಿದ್ದೇನೆ. ಒಂದೂವರೆ ಎಕರೆ ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು) ಇದೆ. ಮಘೆ ಮಳೆ ಶುರುವಾದಾಗಿನಿಂದ ಅಲ್ಲಲ್ಲಿ ಗರಿ ಹಳದಿಯಾಗಿ ಒಣಗುತ್ತಿದೆ. ನೀರು ಸಾಲದೇನೋ ಅಂದುಕೊಂಡು ಎರಡು ಸಲ ನೀರು ಕಟ್ಟಿದೆ. ನಿನ್ನೆ ಒಂದು ತೆಂಡೆ (ಒಂದೇ ಬುಡದ ಕಬ್ಬಿನ ಗುಂಪು) ಹಿಡಿದು ಎಳೆದರೆ ಸುಮ್ನೆ ಕೈಗೆ ಬಂತು, ಬೇರೇ ಇಲ್ಲ. ಬುಡದ ಮಣ್ಣಿನಲ್ಲಿ ಬಿಳಿ ಹುಳು. ತಲೆ ಕಂದು, ಮೈ ಕುಡುಗೋಲಿನ ಹಾಗೆ ಬಾಗಿದೆ. ತಿಪ್ಪೆ ಗೊಬ್ಬರದಿಂದ ಬಂತು ಅಂತ ಮನೆಯಲ್ಲಿ ಹೇಳುತ್ತಾರೆ. ಏನು ಮಾಡಲಿ?

ಚನ್ನರಾಯಪಟ್ಟಣ ತಾಲ್ಲೂಕಿನಿಂದ:

ಅಣ್ಣಾ, ಅದು ಗೊಣ್ಣೆ ಹುಳುವೇ. ತೆಂಡೆ ಸಲೀಸಾಗಿ ಕೈಗೆ ಬರುವುದೇ ಅದರ ಗುರುತು. ಸುಳಿ ಕೊರಕವಾದರೆ ನಡುವಿನ ಸುಳಿ ಮಾತ್ರ ಒಣಗುತ್ತದೆ. ಎಳೆದರೆ ಸುಳಿ ಕಿತ್ತು ಬರುತ್ತದೆ, ಬುಡ ಅಲ್ಲಾಡುವುದಿಲ್ಲ.

ನನ್ನ ಹೊಲದಲ್ಲೂ ಹೀಗೇ ಆಗಿತ್ತು. ಅಂಗಡಿಯಿಂದ ಔಷಧಿ ತಂದು ಬುಡಕ್ಕೆ ಸುರಿದೆ. ಮೂರು ದಿನ ಬಿಟ್ಟು ಅಗೆದು ನೋಡಿದರೆ ಹುಳು ಇನ್ನೂ ಜೀವಂತ. ಈ ಹೊತ್ತಿಗೆ ಹುಳು ಬಲಿತಿರುತ್ತದೆ, ಔಷಧಿಗೆ ಬಗ್ಗುವುದು ಕಷ್ಟ. ಸದ್ಯಕ್ಕೆ ಒಣಗಿದ ತೆಂಡೆಗಳನ್ನು ಗುದ್ದಲಿಯಲ್ಲಿ ಅಗೆದು ಹುಳು ಆರಿಸಿ ಸಾಯಿಸಿ. ಪಕ್ಕದ ಹಸಿರು ತೆಂಡೆಗಳ ಬುಡವನ್ನೂ ಕೆದಕಿ ನೋಡಿ. ಒಂದು ಬುಡದ ಬೇರು ಮುಗಿಸಿದ ಹುಳು ಆಚೆ ಬುಡಕ್ಕೆ ಹೋಗುತ್ತದೆ.

ಆದರೆ ದೊಡ್ಡ ಕೆಲಸ ಇರುವುದು ಬರುವ ವರ್ಷ, ಮುಂಗಾರಿನ ಮೊದಲ ಒಳ್ಳೆ ಮಳೆ ಬಿದ್ದ ಸಂಜೆ. ಈ ಹುಳಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಭರಣಿಯೋ ಕೃತ್ತಿಕೆಯೋ ಬಂದು ಮಣ್ಣು ನೆನೆದರೆ, ಕತ್ತಲಾಗುತ್ತಿದ್ದ ಹಾಗೆ ಈ ಹುಳುವೇ ಬೆಳೆದು ಆದ ಕಂದು ದುಂಬಿಗಳು ಮಣ್ಣಿನಿಂದ ಎದ್ದು ಬದುವಿನ ಬೇವು, ಜಾಲಿ ಮರ ಹತ್ತುತ್ತವೆ. ಅಲ್ಲೇ ಜೋಡಿಯಾಗಿ ಎಲೆ ತಿಂದು, ಬೆಳಗಾಗುವ ಮೊದಲು ಮತ್ತೆ ಮಣ್ಣಿಗಿಳಿಯುತ್ತವೆ. ಮೊಟ್ಟೆ ಇಡುವುದು ಮಣ್ಣಿನಲ್ಲೇ. ಮರದ ಮೇಲಿರುವ ಆ ಕೆಲವು ಗಂಟೆ ಮಾತ್ರ ನಮ್ಮ ಕೈಗೆ ಸಿಗುತ್ತವೆ.

ನಾವು ಏಳೂವರೆ ಹೊತ್ತಿಗೆ ಬೇವಿನ ಮರದ ಕೆಳಗೆ ಟಾರ್ಪಾಲು ಹಾಸಿ, ಉದ್ದ ದೋಟಿಯಿಂದ ಕೊಂಬೆ ಹಿಡಿದು ಜಗ್ಗಿದೆವು. ಪಟಪಟ ಅಂತ ಉದುರಿದವು. ಬಹಳಷ್ಟು ದುಂಬಿ ಬೆನ್ನ ಮೇಲೆ ಬಿದ್ದು ಕಾಲು ಆಡಿಸುತ್ತಿದ್ದವು. ಹಾರುವುದರೊಳಗೆ ಬಾಚಿ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್‌ಗೆ ಹಾಕಿದೆವು. ಮೊದಲ ವರ್ಷ ನಾನೊಬ್ಬನೇ ಮಾಡಿದ್ದೆ, ಅಷ್ಟೇನೂ ಪ್ರಯೋಜನ ಆಗಲಿಲ್ಲ. ಪಕ್ಕದ ಬದುವಿನ ಮರಗಳನ್ನು ಯಾರೂ ಮುಟ್ಟಿರಲಿಲ್ಲ. ಎರಡನೇ ವರ್ಷ ಐದು ಮನೆಯವರು ಸೇರಿದೆವು, ಮಳೆ ಬಂದ ಪ್ರತಿ ಸಂಜೆ, ಎರಡು ವಾರ. ಆ ವರ್ಷ ಒಣಗಿದ ತೆಂಡೆ ಹುಡುಕಿದರೂ ಜಾಸ್ತಿ ಸಿಗಲಿಲ್ಲ.

ಕಡೂರಿನಿಂದ:

ತಿಪ್ಪೆಯಲ್ಲಿ ಸಿಗುವ ದೊಡ್ಡ ಬಿಳಿ ಹುಳು ಹೆಚ್ಚಾಗಿ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ಅದು ಕೊಳೆತ ಗೊಬ್ಬರ ತಿನ್ನುತ್ತದೆ, ಕಬ್ಬಿನ ಬೇರು ತಿನ್ನುವುದು ಅದಲ್ಲ. ತೆಂಗಿನ ಮರ ಇದ್ದರೆ ಅದನ್ನೂ ಆರಿಸಬೇಕು ಅನ್ನಿ. ಹಾಗಂತ ಗೊಬ್ಬರ ಹಾಕುವುದನ್ನೇ ಬಿಡಬೇಡಿ ಅಣ್ಣ. ನಮ್ಮ ಮನೆಯವರು ಇದೇ ಭಯಕ್ಕೆ ಎರಡು ವರ್ಷ ಬಿಟ್ಟು, ಭೂಮಿ ಸತ್ವ ಕಳೆದುಕೊಂಡಿತು. ಚೆನ್ನಾಗಿ ಕಳಿತದ್ದನ್ನು ಹಾಕಿ.

ತರೀಕೆರೆ ಕಡೆಯಿಂದ:

ನಾನು ಮೆಟರೈಜಿಯಂ ಬಳಸಿದ್ದೇನೆ. ಅದು ಹುಳಕ್ಕೆ ರೋಗ ತರುವ ಶಿಲೀಂಧ್ರ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ ಇಟ್ಟು, ಸಂಜೆ ಹೊತ್ತು ಬುಡಕ್ಕೆ ಹಾಕಿ ಮಣ್ಣು ಏರಿಸಿದೆ. ಬಿಸಿಲು ತಾಗಬಾರದು, ಮಣ್ಣಲ್ಲಿ ತೇವ ಇರಲೇಬೇಕು. ಕೆಲವು ವಾರ ಬಿಟ್ಟು ಅಗೆದಾಗ ಸತ್ತ ಹುಳು ಕಡ್ಡಿಯ ಹಾಗೆ ಸೆಟೆದುಕೊಂಡಿತ್ತು, ಮೈಮೇಲೆಲ್ಲ ಹಸಿರು ಪುಡಿ. ಅದನ್ನು ಅಲ್ಲೇ ಬಿಟ್ಟೆ, ಆ ಪುಡಿಯಿಂದಲೇ ರೋಗ ಬೇರೆ ಹುಳಕ್ಕೂ ಹರಡುತ್ತದೆ. ಹುಳು ಚಿಕ್ಕದಿರುವಾಗ, ಜೂನ್–ಜುಲೈನಲ್ಲಿ ಹಾಕಿದರೇ ಒಳ್ಳೆಯದು. ಅದರ ಜೊತೆ ಶಿಲೀಂಧ್ರನಾಶಕ ಸೇರಿಸಬೇಡಿ, ಎರಡೂ ದಂಡ. ಹುಳು ಕೊಲ್ಲುವ ಸೂಕ್ಷ್ಮ ಜಂತುವಿನ (ನೆಮಟೋಡ್) ಪುಡಿಯೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಅದನ್ನು ತಯಾರಿಸುವ ವಿಧಾನ ರೂಪಿಸಿದೆ. ಎಕರೆಗೆ ಎಷ್ಟು ಅನ್ನುವುದನ್ನು ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ನೀವು ಕಿತ್ತ ಹುಳುವನ್ನು ಮಣ್ಣಿನ ಸಮೇತ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ತೋರಿಸಿ.

ಹಾಸನದಿಂದ:

ಈ ಕಬ್ಬು ಕಡಿದ ಮೇಲೆ ಮತ್ತೆ ಕೂಳೆ ಬಿಡಬೇಡಿ. ಆಳವಾಗಿ ಉಳುಮೆ ಮಾಡಿಸಿ, ಅದೂ ಬೆಳಗ್ಗೆ. ಬೆಳ್ಳಕ್ಕಿ, ಗೊರವಂಕ ಟ್ರ್ಯಾಕ್ಟರ್ ಹಿಂದೆಯೇ ಬರುತ್ತವೆ. ನೀರಿದ್ದರೆ ಒಂದು ಬೆಳೆ ಭತ್ತ ಮಾಡಿ, ನಿಂತ ನೀರಿನಲ್ಲಿ ಹುಳು ಉಳಿಯುವುದಿಲ್ಲ. ಆಲೂಗಡ್ಡೆ, ಕಡಲೆಕಾಯಿ ಮಾತ್ರ ಹಾಕಬೇಡಿ, ಅವನ್ನೂ ತಿನ್ನುತ್ತದೆ. ನಾನು ಕಬ್ಬಿನ ಮೇಲೆ ಆಲೂಗಡ್ಡೆ ಹಾಕಿ, ಕಿತ್ತಾಗ ಗೆಡ್ಡೆಯಲ್ಲಿ ತೂತು ನೋಡಿ ಅತ್ತಿದ್ದೇನೆ.

ಹೊಳೆನರಸೀಪುರದಿಂದ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅಮ್ಮ, ನಾನು ಸೇರಿ ಹದಿನಾಲ್ಕು ಬುಡ ಅಗೆದೆವು. ಒಂದರಲ್ಲೇ ಐದು ಹುಳು ಸಿಕ್ಕವು. ಹಸಿರಾಗಿದ್ದ ಎರಡು ಬುಡದಲ್ಲೂ ಇದ್ದವು, ನೀವು ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ. ನಾಳೆ ಡಬ್ಬಿ ಹಿಡಿದು ಕಂದಲಿಗೆ ಹೋಗುತ್ತೇನೆ. ಬದುವಿನಲ್ಲಿ ನಾಲ್ಕು ಬೇವಿನ ಮರ ಇವೆ, ಎರಡು ನಮ್ಮವು, ಎರಡು ಚಿಕ್ಕಪ್ಪನವು. ಅವರಿಗೆ ಈಗಲೇ ಹೇಳಿಟ್ಟಿದ್ದೇನೆ. ಟಾರ್ಪಾಲು ಅವರೇ ತರುತ್ತಾರಂತೆ.