ಸಹಾಯ ಬೇಕು: ತೌಲನಿಕ ರಾಜಕೀಯಕ್ಕೆ ಕನ್ನಡದಲ್ಲಿ ಏನಾದ್ರೂ ಇದ್ಯಾ?

ಎಲ್ರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವ್ಳು, ರಾಜ್ಯಶಾಸ್ತ್ರ ಎಂಎ ಮೊದಲ್ನೇ ವರ್ಷ. ಡಿಗ್ರಿವರ್ಗೂ ಕನ್ನಡ ಮೀಡಿಯಂ, ಈಗ ಇಂಗ್ಲಿಷ್ ಬುಕ್ಕಲ್ಲಿ ಒಂದು ಪುಟಕ್ಕೇ ಅರ್ಧ ಗಂಟೆ ಹಿಡಿಯುತ್ತೆ. ತೌಲನಿಕ ರಾಜಕೀಯ ಅಂದ್ರೆ ಬೇರೆ ಬೇರೆ ದೇಶಗಳ ಆಡಳಿತನ ಹೋಲಿಸಿ ಓದೋದು, ಅದ್ರಲ್ಲಿ ಬ್ರಿಟನ್, ಅಮೆರಿಕದ ನೋಟ್ಸ್ ಹೇಗೋ ಸಿಕ್ತು. ಕಷ್ಟ ಆಗ್ತಿರೋದು ಫ್ರಾನ್ಸ್, 1958ರ ಸಂವಿಧಾನದಲ್ಲಿ ಅಧ್ಯಕ್ಷರೂ ಇದ್ದಾರೆ ಪ್ರಧಾನಿನೂ ಇದ್ದಾರೆ, ಇಬ್ರೂ ಬೇರೆ ಬೇರೆ ಪಕ್ಷದವ್ರಾದ್ರೆ, 1986ರಲ್ಲಿ ಅಧ್ಯಕ್ಷ ಮಿತ್ತೆರಾಂ ಮತ್ತೆ ಪ್ರಧಾನಿ ಶಿರಾಕ್ ಹಾಗೇ ಇದ್ರಲ್ಲ, ಆಗ ಯಾರ ಮಾತು ನಡಿಯುತ್ತೆ ಅಂತ ಬಿಡಿಸಿ ಹೇಳೋ ಬರಹ ಬೇಕು. ಸ್ವಿಟ್ಜರ್ಲೆಂಡ್ ಮಾತ್ರ ತುಂಬಾ ಇಷ್ಟ ಆಗಿದೆ, 26 ಕ್ಯಾಂಟನ್ (ಅಂದ್ರೆ ಅಲ್ಲಿನ ರಾಜ್ಯಗಳು), ಒಂದೊಂದಕ್ಕೂ ಅದರದ್ದೇ ಸಂವಿಧಾನ. ನಮ್ ಕೊಡಗೂ 1956ರವರೆಗೆ ಬೇರೆ ರಾಜ್ಯ ಆಗಿತ್ತಲ್ವಾ, ಅಜ್ಜ ಆ ಕಾಲದ ಮಾತು ತೆಗೀತಾನೇ ಇರ್ತಾರೆ, ಅದಕ್ಕೇ ಸ್ವಿಟ್ಜರ್ಲೆಂಡ್ ಬಗ್ಗೆ ಇನ್ನೂ ಓದ್ಬೇಕು ಅನ್ಸುತ್ತೆ.

ಇಲ್ಲಿ ಮಳೆ ಶುರುವಾಗಿ ಕರೆಂಟ್ ಇಲ್ಲ, ನೆಟ್‌ವರ್ಕೂ ಇಲ್ಲ, ಪಿಡಿಎಫ್ ಅರ್ಧಕ್ಕೇ ನಿಲ್ಲುತ್ತೆ, ಇರೋ ಜೆರಾಕ್ಸ್ ಹಾಳೆಗಳು ಥಂಡಿಗೆ ಒಂದಕ್ಕೊಂದು ಅಂಟ್ಕೊಂಡಿವೆ. ಮಡಿಕೇರಿ, ಕುಶಾಲನಗರ ಕಡೆ ಅಕ್ಕ ಅಣ್ಣಂದಿರು ಯಾರತ್ರನಾದ್ರೂ ಹಳೇ ಪುಸ್ತಕ, ನೋಟ್ಸ್ ಇದ್ರೆ ದಯವಿಟ್ಟು ಹೇಳಿ, ನಾನೇ ಬಂದು ತಗೊಂಡು ಜೆರಾಕ್ಸ್ ಮಾಡಿಸಿ ಎರಡೇ ದಿನದಲ್ಲಿ ವಾಪಸ್ ಕೊಡ್ತೀನಿ.